ಒಳಗಿನ ಗೇಟು

ದಸರೆಗೆ ಮೈಸೂರಿಗೆ ಬರುವ ನೆಂಟರೆಲ್ಲ ಅರಮನೆಯ ದೀಪ ನೋಡಲು ಹೊರಟರೆ, ನನ್ನ ಭಾವಮೈದ ಮಾತ್ರ ಚಾಮುಂಡಿಬೆಟ್ಟದ ತಪ್ಪಲಿನ ರೇಸ್ ಕೋರ್ಸಿಗೆ ಹೊರಡುತ್ತಾನೆ. ಕುದುರೆಯ ವಿಷಯದಲ್ಲಿ ನನ್ನ ಅನುಭವ ಬಾಲ್ಯದ ಜಟಕಾಬಂಡಿಯನ್ನು ದಾಟಿದ್ದಲ್ಲ. ಆದರೂ ಈ ಸಲ ಅವನೆದುರು ಪೆದ್ದನಾಗಬಾರದೆಂದು ಒಂದು ವಾರ ಕುಳಿತು ಗೇಟಿನ ಶಾಸ್ತ್ರವನ್ನು ಓದಿಕೊಂಡಿದ್ದೆ.

ಓಟದ ಆರಂಭದಲ್ಲಿ ಯಾವ ಕುದುರೆ ಯಾವ ಗೇಟಿನಲ್ಲಿ ನಿಲ್ಲಬೇಕೆಂಬುದನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಟ್ಟು ನಿರ್ಧರಿಸುತ್ತಾರೆ. ಒಂದನೇ ಗೇಟು ಒಳಬೇಲಿಗೆ ತೀರಾ ಹತ್ತಿರ, ನಂಬರು ಹೆಚ್ಚಿದಷ್ಟೂ ಗೇಟು ಹೊರಗೆ. ಅರ್ಧವೃತ್ತದ ತಿರುವಿನಲ್ಲಿ ಒಳಬೇಲಿಯಿಂದ ಒಂದು ಮೀಟರ್ ಹೊರಗೆ ಓಡಿದರೆ ಮೂರು ಮೀಟರಿಗೂ ಮಿಕ್ಕಿದ ಹೆಚ್ಚುವರಿ ದಾರಿ ಸವೆಸಬೇಕಾಗುತ್ತದೆ, ಅಂದರೆ ಒಂದು ಕುದುರೆಯ ಉದ್ದಕ್ಕಿಂತ ತುಸು ಜಾಸ್ತಿ. 1539ರಿಂದ ಓಟ ಕಂಡಿರುವ ಇಂಗ್ಲೆಂಡಿನ ಚೆಸ್ಟರ್ ಮೈದಾನದ ಸುತ್ತಳತೆ ಒಂದು ಮೈಲಿ ಮತ್ತು ಚಿಲ್ಲರೆಯಷ್ಟೇ. ಹೆಚ್ಚೂಕಡಿಮೆ ಎಲ್ಲವೂ ತಿರುವೇ ಆದ ಅಲ್ಲಿ, ಕಡಿಮೆ ದೂರದ ಓಟದಲ್ಲಿ ಹೊರಗಿನ ಗೇಟು ಸಿಕ್ಕ ಕುದುರೆಯ ಪಾಡು, ಮೂರನೇ ಪಂಕ್ತಿಯಲ್ಲಿ ಕುಳಿತು ಹೋಳಿಗೆಗೆ ಕಾಯುವವನ ಪಾಡು.

ಇದನ್ನೆಲ್ಲ ದಾರಿಯುದ್ದಕ್ಕೂ ಭಾವಮೈದನಿಗೆ ಬೋಧಿಸುತ್ತ ಹೋದ ನಾನು, ಸ್ಕೂಟರನ್ನೂ ಶಾಸ್ತ್ರೋಕ್ತವಾಗಿ ಸ್ಟ್ಯಾಂಡಿನ ತೀರಾ ಒಳಗೆ, ಗೋಡೆಗೆ ಒತ್ತಿ ನಿಲ್ಲಿಸಿದೆ.

1200 ಮೀಟರಿನ ಓಟದಲ್ಲಿ ಒಂದನೇ ನಂಬರಿನ ಕುದುರೆಗೆ ಇನ್ನೂರು ರೂಪಾಯಿ ಕಟ್ಟಿದೆ. ಗೇಟು ತೆರೆದದ್ದೇ ತಡ, ಅದು ಎಲ್ಲರಿಗಿಂತ ಹೊರಗೆ, ಕಾರಂಜಿ ಕೆರೆಯಲ್ಲಿ ನೀರು ಕುಡಿದು ಬರಲು ಹೊರಟಂತೆ ಓಡತೊಡಗಿತು.

“ಭಾವ, ನೀವು ನೋಡಿದ್ದು ಜೀನಿನ ಕೆಳಗಿನ ಬಟ್ಟೆಯ ನಂಬರು. ಗೇಟಿನದು ಪುಸ್ತಕದಲ್ಲಿ ಬೇರೆಯೇ ಇರುತ್ತದೆ. ಇದಕ್ಕೆ ಬಂದಿರುವುದು ಹನ್ನೊಂದನೇ ಗೇಟು,” ಎಂದ ಭಾವಮೈದ, ಬಹಳ ಮರ್ಯಾದೆಯಿಂದ.

ಬಲಾಬಲ ಸರಿತೂಗಿಸಲು ಉತ್ತಮ ಕುದುರೆಗೆ ಹೆಚ್ಚು ತೂಕ ಹೊರಿಸುವ ಹ್ಯಾಂಡಿಕ್ಯಾಪ್ ಓಟದಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ಹೊರುವ ಕುದುರೆಗೆ ಒಂದನೇ ನಂಬರು ಕೊಡುತ್ತಾರೆಂದೂ ಅವನೇ ತಿಳಿಸಿದ. ಹಾಗಾದರೆ ನಾನು ಒಂದು ವಾರ ಓದಿ ಆರಿಸಿದ್ದು, ಎಲ್ಲಕ್ಕಿಂತ ಹೆಚ್ಚು ಭಾರ ಹೊತ್ತು ಎಲ್ಲಕ್ಕಿಂತ ದೂರದ ದಾರಿ ಹಿಡಿದ ಪ್ರಾಣಿಯನ್ನು.

ಮುಂದಿನ ಓಟದಲ್ಲಿ ಕನ್ನಡಕ ಒರೆಸಿಕೊಂಡು ನಿಜವಾದ ಒಂದನೇ ಗೇಟನ್ನೇ ಹಿಡಿದೆ. ಕುದುರೆ ಬೇಲಿಗೆ ಅಂಟಿಕೊಂಡೇ ಓಡಿತು, ಆದರೆ ಮುಂದೆ ಎರಡು, ಪಕ್ಕದಲ್ಲಿ ಒಂದು ಕುದುರೆ ಬಂದು ಗೋಡೆ ಕಟ್ಟಿದ್ದರಿಂದ ಜಾಕಿ ಕಡಿವಾಣ ಬಿಗಿಹಿಡಿದು ನಿಂತಂತೆಯೇ ಇದ್ದ. ಒಳಗಿನ ಗೇಟಿಗೆ ಈ ಕಾಟವೂ ಉಂಟು ಎಂಬ ಪುಟವನ್ನು ನಾನು ಮಗುಚಿಬಿಟ್ಟಿದ್ದೆ. ಅಮೆರಿಕದ ಹೆಸರಾಂತ ಕುದುರೆ ಓಟವಾದ ಕೆಂಟಕಿ ಡರ್ಬಿಯಲ್ಲಿ, 1986ರಲ್ಲಿ, ಒಂದನೇ ಗೇಟಿನ ಫರ್ಡಿನಂಡ್ ಮೊದಲು ಎಲ್ಲರಿಗಿಂತ ಹಿಂದೆ ಬಿದ್ದು, ಆಮೇಲೆ ಸಂದಿಯೊಂದು ಸಿಕ್ಕಿ ಗೆದ್ದಿತು. ನನ್ನದಕ್ಕೆ ಸಂದಿ ಸಿಗಲಿಲ್ಲ. ಮಳೆ ಬಿದ್ದು, ಒಳಬದಿಯ ಹುಲ್ಲು ತುಳಿತಕ್ಕೆ ಕೆಸರಾಗಿದ್ದರೆ ಜಾಕಿಗಳೇ ಬೇಲಿ ಬಿಟ್ಟು ಹೊರಗೆ ಸರಿಯುತ್ತಾರೆಂಬುದನ್ನು ಭಾವಮೈದ ವಾಪಸು ಬರುವಾಗ ಹೇಳಿದ. ಆ ಹೊತ್ತಿಗೆ ನನಗೆ ಅದು ಬೇಕಿರಲಿಲ್ಲ.

ಸ್ಟ್ಯಾಂಡಿನಲ್ಲಿ ನನ್ನ ಸ್ಕೂಟರಿನ ಮುಂದೆ ನಾಲ್ಕು ಸಾಲು ವಾಹನಗಳು ನಿಂತಿದ್ದವು. ಮುಕ್ಕಾಲು ಗಂಟೆಯಲ್ಲಿ ಮೂರು ಸಾಲು ಕರಗಿದವು. ಉಳಿದ ಬೈಕಿನ ಯಜಮಾನರು ಕಡೆಯ ಓಟ ಮುಗಿಸಿ ಕಿಸೆ ತಟ್ಟಿಕೊಳ್ಳುತ್ತ ಬಂದರು. ತಮ್ಮದು ಹನ್ನೆರಡನೇ ಗೇಟಿನ ಕುದುರೆಯೆಂದು ಕೇಳದಿದ್ದರೂ ಹೇಳಿ, ನನಗೋಸ್ಕರ ಬೈಕನ್ನು ಒಂದು ಮೀಟರ್ ಹೊರಗೆ ಸರಿಸಿದರು.