ಜಿರಾಫೆ ಗಾತ್ರದ ಪ್ರಳಯ

ವಾರಕ್ಕೊಂದು ಪ್ರಳಯ ಈಗ ನಮಗೆ ಅಭ್ಯಾಸವಾಗಿಬಿಟ್ಟಿದೆ. ಸೋಮವಾರ ಮೊಬೈಲ್ ತೆರೆದರೆ 'ಭೂಮಿಯತ್ತ ನುಗ್ಗಿ ಬರ್ತಿದೆ ದೈತ್ಯ ಕ್ಷುದ್ರಗ್ರಹ! ನಾಸಾ ಎಚ್ಚರಿಕೆ!' ಎಂದು ಕೆಂಪು ಅಕ್ಷರ. ಬುಧವಾರದ ಹೊತ್ತಿಗೆ ಆ ಕಲ್ಲು ತನ್ನ ಪಾಡಿಗೆ ಹೋಗಿರುತ್ತದೆ. ಹೋಯಿತು ಅಂತ ಯಾರೂ ಹೇಳುವುದಿಲ್ಲ. ಶುಕ್ರವಾರಕ್ಕೆ ಇನ್ನೊಂದು ರೆಡಿ.

ಈ ಕಲ್ಲುಗಳನ್ನು ಮೀಟರಿನಲ್ಲಿ ಅಳೆಯುವ ಪದ್ಧತಿ ಇಲ್ಲ. ಒಂದು ಎರಡು ಬಸ್ಸಿನಷ್ಟು, ಇನ್ನೊಂದು ಆರು ಜಿರಾಫೆಯಷ್ಟು, ಮತ್ತೊಂದು ಕುತುಬ್ ಮಿನಾರಿನಷ್ಟು. ಜಿರಾಫೆ ನಿಂತಿರುವುದೋ ಮಲಗಿರುವುದೋ ಅಂತ ಕೇಳುವ ಹಾಗಿಲ್ಲ. ದೂರ ಎಷ್ಟು ಎನ್ನುವುದು ಮಾತ್ರ ಮೂರು ಜಾಹೀರಾತು ದಾಟಿದ ಮೇಲೆ, ಕಟ್ಟಕಡೆಯ ಪ್ಯಾರಾದಲ್ಲಿ ಸಣ್ಣದಾಗಿ ಸಿಗುತ್ತದೆ. ಸುಮಾರು 62 ಲಕ್ಷ ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಚಂದ್ರ ಇರುವುದು 3.84 ಲಕ್ಷ ಕಿಲೋಮೀಟರ್ ಆಚೆ. ಅಂದರೆ ನಾವು ಕೂದಲೆಳೆಯಲ್ಲಿ ಪಾರಾಗಿದ್ದೇವೆ, ಕೂದಲು ಚಂದ್ರನ ದೂರದ ಹದಿನಾರು ಪಟ್ಟು ದಪ್ಪ ಇದೆ, ಅಷ್ಟೇ.

ಇದರಲ್ಲಿ ಖಗೋಳದವರ ಪಾಲೂ ಸ್ವಲ್ಪ ಇದೆ ಬಿಡಿ. ಸುಮಾರು 140 ಮೀಟರ್‌ಗಿಂತ ದೊಡ್ಡ ಕಲ್ಲು ಭೂಮಿಯ ಕಕ್ಷೆಯಿಂದ 75 ಲಕ್ಷ ಕಿಲೋಮೀಟರ್ ಒಳಗೆ ಹಾದು ಹೋಗುವಂತಿದ್ದರೆ, ಮುಂದೆ ಅಪಾಯ ತರಬಹುದಾದ ಕಲ್ಲುಗಳ ಪಟ್ಟಿಗೆ ಅದನ್ನು ಸೇರಿಸುತ್ತಾರೆ. ಅವರಿಗೆ ಅದು ಕಣ್ಣಿಡಬೇಕಾದ ಒಂದು ಫೈಲು. ನ್ಯೂಸ್ ಡೆಸ್ಕಿಗೆ ಬಂದಾಗ ಅದೇ ಫೈಲು ಮರಣ ಪ್ರಮಾಣಪತ್ರ.

2024 ವೈಆರ್4 ಎಂಬ ಕಲ್ಲು ಬಂದಾಗ ಮಾತ್ರ ಈ ಉದ್ಯಮಕ್ಕೆ ನಿಜವಾದ ಸುಗ್ಗಿ. 2024ರ ಡಿಸೆಂಬರ್ 27ರಂದು ಚಿಲಿ ದೇಶದಲ್ಲಿರುವ ಅಟ್ಲಾಸ್ ದೂರದರ್ಶಕಕ್ಕೆ ಅದು ಸಿಕ್ಕಿತು. ಗಾತ್ರ 40ರಿಂದ 90 ಮೀಟರ್ ಇರಬಹುದು ಅಂದರು. ಬಡಿದರೆ 2032ರ ಡಿಸೆಂಬರ್ 22ಕ್ಕೆ. ಬಡಿಯುವ ಸಂಭವ ಶೇಕಡಾ ಒಂದು ದಾಟಿದರೆ ಜಗತ್ತಿಗೆ ತಿಳಿಸಬೇಕು ಅನ್ನುವುದು ನಿಯಮ. 2025ರ ಜನವರಿ ಕೊನೆಗೆ ದಾಟಿತು, ತಿಳಿಸಿದರು. ಫೆಬ್ರವರಿ 18ಕ್ಕೆ 3.1 ಮುಟ್ಟಿತು. ಇಂಥ ಕಲ್ಲುಗಳ ಅಪಾಯ ಅಳೆಯುವ, ಹತ್ತರವರೆಗೆ ಹೋಗುವ ಟೊರಿನೊ ಮಾಪಕದಲ್ಲಿ ಮೂರನೇ ಮೆಟ್ಟಿಲು.

ಆಮೇಲಿನದು ನಿಮಗೆ ಗೊತ್ತೇ ಇದೆ. ಚಾನೆಲ್ ಯಾವುದಾದರೂ ಆಗಲಿ, ಸ್ಟುಡಿಯೋ ಒಂದೇ. ಗಾಳಿಯೇ ಇಲ್ಲದ ಜಾಗದಲ್ಲಿ ಬೆಂಕಿಯ ಬಾಲ ಬಿಟ್ಟುಕೊಂಡು ಬರುವ ಬಂಡೆ, ಧಡ್ ಅಂತ ಸದ್ದು, ಹಲಸಿನ ಹಣ್ಣಿನ ಹಾಗೆ ಬಿರಿಯುವ ಭೂಮಿ. ಎಡಗಡೆ ಗುರೂಜಿ, ಬಲಗಡೆ ಇನ್ನೊಬ್ಬ ಗುರೂಜಿ, ಮೂಲೆಯ ಪುಟ್ಟ ಚೌಕದಲ್ಲಿ ನಿವೃತ್ತ ಫಿಸಿಕ್ಸ್ ಮೇಷ್ಟ್ರು, ಆಡಿಯೋ ಸರಿಯಿಲ್ಲದೆ. ಮೊದಲ ಗುರೂಜಿ ಪಂಚಾಂಗ ತೆರೆದು ಘೋಷಿಸುತ್ತಾರೆ: ಕಲ್ಲು ಕಂಡಿದ್ದು ಧನುರ್ಮಾಸದಲ್ಲಿ, ಬರುವುದೂ ಧನುರ್ಮಾಸದಲ್ಲಿ, ಶುಭಕಾರ್ಯಕ್ಕಂತೂ ಬರ್ತಿಲ್ಲ. ಎರಡನೆಯವರು ತಕರಾರು ತೆಗೆಯುತ್ತಾರೆ. ಅವತ್ತು ಬುಧವಾರ, ಲೆಕ್ಕ ಹಾಕಿದ ಹೊತ್ತು ನಮ್ಮ ಗಡಿಯಾರದಲ್ಲಿ ಸಂಜೆ ಏಳೂವರೆ, ರಾಹುಕಾಲ ಮಧ್ಯಾಹ್ನವೇ ಮುಗಿದಿರುತ್ತದೆ, ಹಾಗಾಗಿ ಭಯ ಬೇಡ. ಏಳೂವರೆ ಅಂದಾಕ್ಷಣ ಚಾನೆಲ್‌ನ ಜಾಹೀರಾತು ವಿಭಾಗದವರು ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಪ್ರಳಯ ಪ್ರೈಮ್ ಟೈಮಿಗೇ ಬರುತ್ತಿದೆ!

ಮೇಷ್ಟ್ರು ಹೇಳಲು ಹೊರಟಿದ್ದು ಬೇರೆ. ಸಂಭವ ಏರುತ್ತಿದೆ ಅಂದರೆ ಕಲ್ಲು ನಮ್ಮ ಕಡೆ ತಿರುಗಿತು ಅಂತಲ್ಲ. ಕಲ್ಲಿನ ದಾರಿ ಮೊದಲ ದಿನ ಇದ್ದ ಹಾಗೇ ಇದೆ, ನಮಗೆ ಗೊತ್ತಿರುವುದು ಜಾಸ್ತಿಯಾಗುತ್ತಿದೆ. ಸೈಟಿಗೆ ಅರ್ಜಿ ಹಾಕಿದವರಿಗೆ ಇದು ಬೇಗ ಹೊಳೆಯುತ್ತದೆ. ನೂರು ಅರ್ಜಿ, ಒಂದು ಸೈಟು. ಪರಿಶೀಲನೆಯಲ್ಲಿ ಎಪ್ಪತ್ತು ಅರ್ಜಿ ಬಿದ್ದುಹೋದವು, ನಿಮ್ಮದು ಉಳಿದಿದೆ. ನೂರಕ್ಕೆ ಒಂದಿದ್ದ ಅವಕಾಶ ಮೂವತ್ತಕ್ಕೆ ಒಂದಾಯಿತು. ಮನೆಯಲ್ಲಿ ಗೃಹಪ್ರವೇಶದ ಮಾತು ಶುರುವಾಯಿತು. ಕೊನೆಯ ಪಟ್ಟಿ ಬಂದಾಗ ನೋಡಿದರೆ ನಿಮ್ಮ ಹೆಸರೇ ಇಲ್ಲ. ಕಲ್ಲಿಗೂ ಹೀಗೆಯೇ. ಪ್ರತಿ ರಾತ್ರಿ ನೋಡಿದಾಗ ಒಂದಷ್ಟು ಸಾಧ್ಯವಾದ ದಾರಿಗಳು ಬಿದ್ದುಹೋಗುತ್ತವೆ. ಭೂಮಿಗೆ ಬರುವ ದಾರಿ ಬೀಳುವವರೆಗೂ ಶೇಕಡಾವಾರು ಏರುತ್ತಲೇ ಇರುತ್ತದೆ, ಬಿದ್ದ ದಿನ ಧೊಪ್ಪನೆ ಇಳಿಯುತ್ತದೆ. ಫೆಬ್ರವರಿ 24ಕ್ಕೆ ಅದು 0.004. ಸೈಟು ಸಿಗಲಿಲ್ಲ ಅಂತ ಪಾಯಸ ಮಾಡಬೇಕಾದ ಪ್ರಕರಣ ಇದೊಂದೇ ಇರಬೇಕು.

ಪಾಯಸ ಯಾರೂ ಮಾಡಲಿಲ್ಲ. 3.1ಕ್ಕೆ ಎರಡು ಗಂಟೆಯ ವಿಶೇಷ ಕಾರ್ಯಕ್ರಮ ಇತ್ತು, 0.004ಕ್ಕೆ ಸ್ಕ್ರೀನಿನ ಕೆಳಗೆ ಓಡುವ ಒಂದು ಸಾಲು. ಅದೂ ಚಿನ್ನದ ದರದ ಹಿಂದೆ.

ಈ ನಡುವೆ ಕಲ್ಲು ಬೀಳಬಹುದಾದ ಊರುಗಳ ಪಟ್ಟಿ ಓಡಾಡಿತು. ಮುಂಬೈ, ಕೋಲ್ಕತ್ತಾ, ಢಾಕಾ, ಲಾಗೋಸ್, ಬೊಗೋಟಾ. ಬೆಂಗಳೂರಿನ ಹೆಸರು ಇಲ್ಲದ್ದಕ್ಕೆ ನೆಮ್ಮದಿಪಟ್ಟವರಿಗಿಂತ, ಇಷ್ಟು ದೊಡ್ಡ ಐಟಿ ಊರನ್ನು ಹೇಗೆ ಬಿಟ್ಟರು ಅಂತ ಬೇಜಾರಾದವರೇ ಜಾಸ್ತಿ ಇದ್ದ ಹಾಗಿತ್ತು.

ಆಕಾಶದ ಲೆಕ್ಕ ಇಡುವವರೂ ಎಡವುತ್ತಾರೆ, ಆದರೆ ಅವರ ಎಡವಟ್ಟಿಗೂ ಒಂದು ಶಿಸ್ತಿದೆ. 2007ರಲ್ಲಿ ಭೂಮಿಯ ಹತ್ತಿರ ಬರುವ ಹೊಸ ಕಲ್ಲು ಅಂತ ಪ್ರಕಟಿಸಿದ್ದು ಯುರೋಪಿನ ರೊಸೆಟ್ಟಾ ನೌಕೆಯಾಗಿತ್ತು. 2025ರ ಜನವರಿ 2ರಂದು 2018 ಸಿಎನ್41 ಅಂತ ಇನ್ನೊಂದಕ್ಕೆ ಹೆಸರಿಟ್ಟರು. ನೋಡಿದರೆ ಅದು ಎಲಾನ್ ಮಸ್ಕ್ 2018ರಲ್ಲಿ ರಾಕೆಟ್ಟಿಗೆ ಕಟ್ಟಿ ಹಾರಿಸಿದ್ದ ಸ್ವಂತ ಟೆಸ್ಲಾ ಕಾರು. ಒಂದು ದಿನ ಕಳೆಯುವುದರೊಳಗೆ ತಪ್ಪಾಯಿತು ಅಂತ ಹೇಳಿ ಪಟ್ಟಿಯಿಂದ ತೆಗೆದರು. ನಮ್ಮೂರಿನಲ್ಲಾಗಿದ್ದರೆ ಎಂದೋ ಟೋ ಮಾಡಿ ದಂಡ ಹಾಕಿರುತ್ತಿದ್ದರು.

ಹೆದರಲೇಬೇಕು ಅನ್ನುವವರಿಗೆ ಅಸಲಿ ಸರಕು ಬೇರೆ ಇದೆ. ಭೂಮಿಯ ಹತ್ತಿರ ಬರುವ, 140 ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಲ್ಲುಗಳಲ್ಲಿ ಶೇಕಡಾ 90ರಷ್ಟನ್ನು 2020ರೊಳಗೆ ಹುಡುಕಿ ಮುಗಿಸಬೇಕು ಅಂತ ಅಮೆರಿಕದ ಸಂಸತ್ತು 2005ರಲ್ಲೇ ನಾಸಾಗೆ ಕಾನೂನು ಮಾಡಿಕೊಟ್ಟಿತು. ಗಡುವು ಮುಗಿದು ವರ್ಷಗಳಾದವು, ಸಿಕ್ಕಿರುವುದು ಅರ್ಧಕ್ಕಿಂತ ಕಡಿಮೆ. ಇದಕ್ಕೆಂದೇ ಕಟ್ಟುತ್ತಿರುವ ನಿಯೋ ಸರ್ವೇಯರ್ ದೂರದರ್ಶಕ 2027ರಲ್ಲಿ ಹಾರಬೇಕು. ಮೆಟ್ರೋ ಕಾಯ್ದು ಕಾಯ್ದು ಪಳಗಿದ ನಮಗೆ ಈ ಸುದ್ದಿ ಪರಕೀಯ ಅನ್ನಿಸುವುದಿಲ್ಲ. ಆದರೆ ಸಿಕ್ಕ ಕಲ್ಲಿಗೆ ಜಿರಾಫೆ ಲೆಕ್ಕ ಹಾಕುವವರು, ಸಿಗದೇ ಇರುವ ಅರ್ಧದ ಬಗ್ಗೆ ಒಂದು ಪ್ಯಾನೆಲ್ ಕೂರಿಸಿದ್ದನ್ನು ನಾನು ನೋಡಿಲ್ಲ. ಸಿಗದ ಕಲ್ಲಿಗೆ ಗ್ರಾಫಿಕ್ಸ್ ಮಾಡುವುದು ಕಷ್ಟ, ಅಲ್ವಾ?

2013ರ ಫೆಬ್ರವರಿ 15ನ್ನು ನೋಡಿ. ಅವತ್ತು 2012 ಡಿಎ14 ಎಂಬ ಕಲ್ಲು ಭೂಮಿಯಿಂದ ಬರೀ 27,700 ಕಿಲೋಮೀಟರ್ ದೂರದಲ್ಲಿ ಹಾದುಹೋಗುವುದಿತ್ತು. ಜಗತ್ತಿನ ದೂರದರ್ಶಕಗಳೆಲ್ಲ ಅದಕ್ಕೇ ಕಾದು ಕೂತಿದ್ದವು. ಅದು ಬರುವ ಮೊದಲೇ, ಯಾರೂ ಕರೆಯದ ಇನ್ನೊಂದು ಕಲ್ಲು, ಸುಮಾರು 20 ಮೀಟರಿನದು, ಸೂರ್ಯನ ದಿಕ್ಕಿನಿಂದ ಬಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿಯಿತು. ಗಾಯಗೊಂಡವರು ಸುಮಾರು 1,500 ಜನ. ತಲೆ ಮೇಲೆ ಕಲ್ಲು ಬಿದ್ದಲ್ಲ. ಫಳ್ ಅಂತ ಬೆಳಕು ಬಂತಲ್ಲ ಏನದು ಅಂತ ಎಷ್ಟೋ ಜನ ಕಿಟಕಿಗೆ ಬಂದು ನಿಂತರು. ಒಂದೆರಡು ನಿಮಿಷ ಬಿಟ್ಟು ಸದ್ದಿನ ಅಲೆ ಬಂದು ಗಾಜೆಲ್ಲ ಮುಖಕ್ಕೆ ಸಿಡಿಯಿತು. ಆಕಾಶದಲ್ಲಿ ಬೆಳಕು ಕಂಡರೆ ಕಿಟಕಿ ಬಿಟ್ಟು ದೂರ ಸರಿಯಿರಿ ಎಂಬ ಏಳು ಪದದ ಉಪಯೋಗ ಬರುವ ಮಾತಿಗೆ ಚಾನೆಲ್‌ಗಳಲ್ಲಿ ಜಾಗ ಇಲ್ಲ. ಎಳೆಯಲಾಗದ ವಿಷಯ ಅದು.

ತಿಳಿದವರು ದೂರವೂ ಇಲ್ಲ. ಲಡಾಖಿನ ಹಾನ್ಲೆಯಲ್ಲಿರುವ, ವಿಜ್ಞಾನಿ ಎಸ್. ಚಂದ್ರಶೇಖರ್ ಹೆಸರಿನ 'ಚಂದ್ರ' ದೂರದರ್ಶಕವನ್ನು ನಡೆಸುವುದು ಹೊಸಕೋಟೆಯಿಂದ. ಬೆಳಗಿನ ಜಾವ ನಾಲ್ಕಕ್ಕೆ ಬಿರಿಯಾನಿ ಕ್ಯೂ ತೋರಿಸಲು ಅದೇ ಹೊಸಕೋಟೆಗೆ ಕ್ಯಾಮೆರಾ ಹೊತ್ತು ಹೋಗುತ್ತಾರೆ. ಆ ಹೊತ್ತಿಗೆ ಪಕ್ಕದಲ್ಲೇ ಯಾರೋ ಹಿಮಾಲಯದ ಆಕಾಶ ನೋಡುತ್ತಾ ಕೂತಿರುತ್ತಾರೆ. ಕ್ಯಾಮೆರಾ ಮಟನ್ ಪೀಸಿನ ಕ್ಲೋಸಪ್ ತೆಗೆದು ವಾಪಸಾಗುತ್ತದೆ.

ಭೂಮಿ ತಪ್ಪಿಸಿಕೊಂಡಿತು ಅಂದಮೇಲೆ ವೈಆರ್4 ಕಥೆ ಮುಗಿಯಬೇಕಿತ್ತು. ಆದರೆ 2025ರ ಜೂನ್‌ನಲ್ಲಿ ಹೊಸ ಲೆಕ್ಕ ಬಂತು: ಅದೇ ಕಲ್ಲು ಚಂದ್ರನಿಗೆ ಬಡಿಯುವ ಸಂಭವ ಶೇಕಡಾ 4.3. ಸ್ಟುಡಿಯೋ ಮತ್ತೆ ಬೆಳಗಿತು. ತುಮಕೂರಿನಿಂದ ಕರೆ ಮಾಡಿದ ಒಬ್ಬ ತಾಯಿ, ಸಂಕಷ್ಟಿಯ ದಿನ ಚಂದ್ರೋದಯದ ಟೈಮು ಹೆಚ್ಚುಕಮ್ಮಿ ಆಗುತ್ತಾ, ಉಪವಾಸ ಬಿಡೋದು ಯಾವಾಗ ಅಂತ ಕೇಳಿದರು. ಈ ಸಲ ಮೇಷ್ಟ್ರ ಆಡಿಯೋ ಸರಿಯಿತ್ತು. 'ಬಡಿದರೂ ಅಲ್ಲೊಂದು ಗುಂಡಿ ಬೀಳುತ್ತೆ ಅಷ್ಟೇ ತಾಯಿ, ಚಂದ್ರ ಅಲ್ಲಾಡಲ್ಲ, ಟೈಮು ಏನೂ ಬದಲಾಗಲ್ಲ' ಎಂದರು. ಆ್ಯಂಕರ್ ಮುಖ ಬಾಡಿತು.

'ಸರ್, ಒಂದು ನಿಮಿಷನಾದ್ರೂ?'