ಊಟ ಕೇಳೋಕೂ ಫೋನ್ ಬೇಕೇ ಬೇಕಾ?

ಕಲಬುರಗಿಯಲ್ಲಿ ಈಗ ಮಿರ್ಚಿ ಭಜಿ ಬಂಡಿಯಲ್ಲೂ ಕ್ಯೂಆರ್ ಕೋಡ್ ಇದೆ. ದುಡ್ಡು ಕೊಡೋಕೆ ಅದು ಬಹಳ ಅನುಕೂಲ. ನನ್ನ ತಕರಾರು ಟೇಬಲ್ ಮೇಲೆ ಅಂಟಿಸಿರುವ ಇನ್ನೊಂದು ಕೋಡ್ ಬಗ್ಗೆ. ಮೆನು ಕಾರ್ಡ್ ಎತ್ತಿಟ್ಟು, ‘ಸ್ಕ್ಯಾನ್ ಮಾಡಿ ಆರ್ಡರ್ ಕೊಡಿ’ ಅಂತಾರಲ್ಲ, ಅದು.

ಮೊನ್ನೆ ಒಂದು ಹೋಟೆಲ್‌ನಲ್ಲಿ ಪಕ್ಕದ ಟೇಬಲ್‌ಗೆ ವಯಸ್ಸಾದ ಗಂಡ ಹೆಂಡತಿ ಬಂದು ಕೂತರು. ಆಳಂದ ಕಡೆಯವರು, ಆಸ್ಪತ್ರೆಗೆ ಬಂದಿದ್ದರು. ಕೈಯಲ್ಲಿ ಬಟನ್ ಫೋನ್. ಸಪ್ಲೈಯರ್ ಹುಡುಗ “ಸ್ಕ್ಯಾನ್ ಮಾಡ್ರಿ ಕಾಕಾ, ಎಲ್ಲಾ ಅದ್ರಾಗ ಬರ್ತದ” ಅಂದು ಹೊರಟೇಬಿಟ್ಟ. “ಏನೇನ್ ಅದ ಬಾಯಿಲೆ ಹೇಳೋ ತಮ್ಮಾ” ಅಂತ ಅವರು ಕೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ನಾನೇ ನನ್ನ ಫೋನ್‌ನಲ್ಲಿ ತೆಗೆದು ಓದಿ ಹೇಳಿದೆ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಎಲ್ಲವೂ ಇಂಗ್ಲಿಷ್‌ನಲ್ಲೇ. ಆರ್ಡರ್ ಒತ್ತಿದರೆ ಮೊಬೈಲ್ ನಂಬರ್ ಕೇಳಿತು, ಆಮೇಲೆ ಓಟಿಪಿ. ಎರಡು ರೊಟ್ಟಿ ತಿನ್ನೋರ ನಂಬರ್ ಹೋಟೆಲ್‌ಗೆ ಯಾಕೆ? ಗ್ರಾಹಕರ ನಂಬರ್‌ಗಾಗಿ ಒತ್ತಾಯ ಮಾಡಬೇಡಿ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಯವರಿಗೆ ಸೂಚಿಸಿದೆ.

ಈ ವ್ಯವಸ್ಥೆಯಲ್ಲಿ ಒಳ್ಳೆಯದು ಇಲ್ಲ ಅಂತಲ್ಲ. ತೊಗರಿಬೇಳೆ ರೇಟು ಏರಿದರೆ ಕಾರ್ಡ್ ಮತ್ತೆ ಪ್ರಿಂಟ್ ಹಾಕಿಸಬೇಕಿಲ್ಲ. ಪಲ್ಯ ಖಾಲಿಯಾದರೆ ಆಗಲೇ ಮೆನುವಿನಿಂದ ತೆಗೆಯಬಹುದು. ಟೇಬಲ್ ನಂಬರ್ ಸಮೇತ ಆರ್ಡರ್ ಅಡುಗೆಮನೆಗೆ ಹೋಗುತ್ತದೆ. ಕಿವಿ ಕೇಳಿಸದವರಿಗೆ, ಮಾತು ಬಾರದವರಿಗೆ ಇದು ನಿಜಕ್ಕೂ ದೊಡ್ಡ ನೆರವು. ಈ ಕೋಡ್ 1994ರಲ್ಲಿ ಜಪಾನಿನ ಡೆನ್ಸೊ ಕಂಪನಿ ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ ಮಾಡಿದ್ದು. ಸ್ವಲ್ಪ ಹರಿದರೂ, ಎಣ್ಣೆ ಕಲೆ ಬಿದ್ದರೂ ಓದಬಲ್ಲದು.

ಆದರೆ ದುಡ್ಡು ಕೊಡೋ ಕೋಡ್ ಬೇಡವಾದರೆ ನೋಟು ಕೊಡಬಹುದು. ಊಟದ ಕೋಡ್ ಬೇಡ ಅಂದವರಿಗೆ ಬೇರೆ ದಾರಿಯೇ ಇಲ್ಲ ಅಂದರೆ ಹೇಗೆ? ನೆಟ್ ಇರಬೇಕು, ಚಾರ್ಜ್ ಇರಬೇಕು, ಸಣ್ಣ ಅಕ್ಷರ ಕಾಣಬೇಕು. ಮೇ ತಿಂಗಳ ಬಿಸಿಲಲ್ಲಿ ಬಂದು ಕೂತವರಿಗೆ ಮೊದಲು ನೀರು ಬೇಕು, ಅಲ್ವಾ?

ಕೆಲಸದವರು ಸಿಗ್ತಿಲ್ಲ ಅನ್ನುತ್ತಾರೆ ಮಾಲೀಕರು. ಆ ಕಷ್ಟ ನಿಜ. ಕೋಡ್ ಬಳಸೋರು ಬಳಸಿದರೆ ಹುಡುಗರ ಓಡಾಟ ಅರ್ಧ ಕಡಿಮೆಯಾಗುತ್ತೆ. ಉಳಿದ ಟೇಬಲ್‌ಗೆ ಒಬ್ಬ ಹೋಗಿ “ಏನ್ ಬೇಕ್ರಿ” ಅಂತ ಕೇಳಲಿ. ಮಾಲೀಕರೇ, ಗೋಡೆ ಮೇಲೆ ರೇಟಿನ ಜೊತೆ ಕನ್ನಡದಲ್ಲಿ ಒಂದು ಬೋರ್ಡ್ ಬರೆಸಿ. ಆ್ಯಪ್ ಮಾಡಿಕೊಡೋರಿಗೆ ಕನ್ನಡ ಮೆನು ಹಾಕಿ, ನಂಬರ್ ಕೇಳೋದು ತೆಗೀರಿ ಅಂತ ಹೇಳಿ. ದುಡ್ಡು ಕೊಡೋರು ನೀವು, ನಿಮ್ಮ ಮಾತು ಅವರು ಕೇಳಲೇಬೇಕು.