ಸತ್ಯಾಂಶ: ಕ್ಲೌಡ್ ಸೇವ್ ಇದ್ದರೆ ಗೇಮ್ ಫೈಲ್ ಕೆಡುವುದಿಲ್ಲವೇ?

ಪುಣೆಯ ನಮ್ಮ ಕನ್ನಡ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರ್ವರ್ಡ್ ಸುತ್ತುತ್ತಿದೆ: 'ಕ್ಲೌಡ್ ಸೇವ್ ಆನ್ ಮಾಡಿ, ಆಮೇಲೆ ಸೇವ್ ಫೈಲ್ ಕೆಡೋದೇ ಇಲ್ಲ.' ಆಟ ಎಲ್ಲಿಯವರೆಗೆ ಬಂತು ಅಂತ ಬರೆದಿಡುವುದು ಸೇವ್ ಫೈಲ್; ಅದರ ನಕಲನ್ನು ಇಂಟರ್ನೆಟ್‌ನಲ್ಲಿ ಇಡುವುದು ಕ್ಲೌಡ್ ಸೇವ್. ಫಾರ್ವರ್ಡ್ ಹೇಳಿದ್ದು ಅರ್ಧ ಮಾತ್ರ ನಿಜ.

ಲ್ಯಾಪ್‌ಟಾಪ್ ಕೈಕೊಟ್ಟರೆ ಕ್ಲೌಡ್ ಕಾಪಾಡುತ್ತದೆ, ಸರಿ. ಆದರೆ ಸ್ಟೀಮ್ ಕ್ಲೌಡ್‌ನಂಥದ್ದು (ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಕ್ಲೌಡ್ ಸೇವೆ) ಮಾಡುವುದು ಬರೀ ನಕಲು. ಫೈಲ್ ಒಳಗೆ ಸರಿಯಿದೆಯಾ ಅಂತ ಅದು ನೋಡುವುದಿಲ್ಲ. ಕೆಟ್ಟ ಫೈಲೇ ಹೊಸದಾಗಿದ್ದರೆ, ಅದು ಕ್ಲೌಡ್‌ಗೆ ಹೋಗಿ ಹಳೆಯ ಒಳ್ಳೆಯದರ ಜಾಗದಲ್ಲಿ ಕೂತುಬಿಡಬಹುದು.

ಫೈಲ್ ಕೆಡುವುದು ಜಾಸ್ತಿ ಬರೆಯುವ ಹೊತ್ತಿನಲ್ಲೇ. ಕಳೆದ ಮಳೆಗಾಲ ಕೋಥ್ರೂಡ್‌ನ ರೂಮಿನಲ್ಲಿ ನನಗೇ ಆಯಿತು. ಆಟ ತಾನೇ ಸೇವ್ ಮಾಡಿಕೊಳ್ಳುವಾಗ ಕಾಣುವ ಆಟೋಸೇವ್ ಚಕ್ರ ಪರದೆಯ ಮೂಲೆಯಲ್ಲಿ ತಿರುಗುತ್ತಿತ್ತು, ಫಟ್ ಅಂತ ಕರೆಂಟ್ ಹೋಯಿತು. ಆಮೇಲೆ ನೋಡಿದರೆ ಫೈಲ್ ಸೈಜ್ ಸೊನ್ನೆ ಕೆಬಿ! ಹಳೇ ಕಾಯಿಲೆ ಇದು. 1987ರಲ್ಲಿ ಅಮೆರಿಕಕ್ಕೆ ಬಂದ ನಿಂಟೆಂಡೊದ ಜೆಲ್ಡಾ ಆಟದಲ್ಲೂ ಸೇವ್ ಕೆಡದಿರಲಿ ಅಂತ ರೀಸೆಟ್ ಒತ್ತಿ ಹಿಡಿದೇ ಪವರ್ ಆರಿಸಬೇಕಿತ್ತು.

ಹಾಗಾಗಿ ಎರಡು ಮೂರು ಸ್ಲಾಟ್‌ಗಳಲ್ಲಿ (ಆಟದೊಳಗಿನ ಬೇರೆ ಬೇರೆ ಸೇವ್ ಜಾಗಗಳಲ್ಲಿ) ಸರದಿಯಂತೆ ಸೇವ್ ಮಾಡಿ. ಆಟ ಮುಚ್ಚಿದ ಮೇಲೆ ಸೇವ್ ಫೋಲ್ಡರನ್ನು ತಾರೀಖು ಹಾಕಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿಡಿ. ಕ್ಲೌಡ್ ಫೈಲಿಗೂ ನಿಮ್ಮದಕ್ಕೂ ತಾಳೆಯಿಲ್ಲ, ಯಾವುದು ಬೇಕು ಅಂತ ಕೇಳಿದರೆ ಸುಮ್ನೆ ಓಕೆ ಒತ್ತಬೇಡಿ. ಎರಡರ ಸಮಯ ನೋಡಿ, ಮೊದಲು ಒಂದು ಕಾಪಿ ತೆಗೆದಿಟ್ಟುಕೊಳ್ಳಿ.